ಮಲ್ಪೆ ಸೀ ವಾಕ್: ಕಾಲ ಕೆಳಗಿನ ಕಲ್ಲು, ಎದುರಿನ ಕಡಲು

ದಸರಾ ರಜೆ ಬಂತು ಅಂದರೆ ಉಡುಪಿಯವರಿಗೆಲ್ಲ ಒಂದು ಡ್ಯೂಟಿ ಬೀಳುತ್ತದೆ. ಘಟ್ಟದ ಮೇಲಿಂದ ನೆಂಟರು ಬರುತ್ತಾರೆ. ಬೆಳಿಗ್ಗೆ ಕೃಷ್ಣ ಮಠ, ಮಧ್ಯಾಹ್ನ ಊಟ ಮುಗಿಸಿ ಸಣ್ಣ ನಿದ್ದೆ, ಸಂಜೆ ಮಲ್ಪೆ. ಈ ಸಲ ಶಿವಮೊಗ್ಗದಿಂದ ಬಂದ ಅಕ್ಕನ ಮಗಳು, ಏಳನೇ ಕ್ಲಾಸಿನವಳು, ಸೀ ವಾಕ್ ಮೇಲೆ ಹತ್ತು ಹೆಜ್ಜೆ ಹಾಕಿದವಳೇ ನಿಂತುಬಿಟ್ಟಳು.

"ಮಾವ, ಇದು ರಸ್ತೆಯಾ, ಸೇತುವೆಯಾ? ಸೇತುವೆ ಆದ್ರೆ ಆ ಕಡೆ ದಡ ಎಲ್ಲಿ?"

ಈ ದಾರಿಯಲ್ಲಿ ನಾನು ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅವಳು ಒಂದಾದ ಮೇಲೊಂದು ಕೇಳುತ್ತಾ ಹೋದಳು. ಈ ಕಲ್ಲು ಯಾಕೆ ಹೀಗೆ ಸುರಿದಿದ್ದಾರೆ, ಎಡಗಡೆ ನೀರು ಯಾಕೆ ಸುಮ್ನಿದೆ, ಮಳೆಗಾಲದಲ್ಲಿ ಯಾಕೆ ಬಿಡಲ್ಲ. ರಜೆಗೆ ಮಲ್ಪೆಗೆ ಬರುವ ಸುಮಾರು ಜನರ ತಲೆಯಲ್ಲೂ ಇದೇ ಪ್ರಶ್ನೆಗಳು ಇರುತ್ತವೆ, ಕೇಳಲು ಸಂಕೋಚ ಅಷ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

## ಇದು ರಸ್ತೆಯೂ ಅಲ್ಲ, ಸೇತುವೆಯೂ ಅಲ್ಲ

ಮಲ್ಪೆ ಸೀ ವಾಕ್ ತೆರೆದದ್ದು 2018ರ ಜನವರಿಯಲ್ಲಿ. ರಾಜ್ಯದ ಮೊದಲ ಸೀ ವಾಕ್ ಅಂತ ಆಗ ಸುದ್ದಿಯಾಗಿತ್ತು. ಉದ್ದ ಸುಮಾರು 450 ಅಡಿ, ಅಗಲ ಎಂಟೂವರೆ ಅಡಿ. ಎಲ್ಲೂ ನಿಲ್ಲದೆ ನಡೆದರೆ ಎರಡೂವರೆ ನಿಮಿಷದಲ್ಲಿ ತುದಿ ಮುಟ್ಟಬಹುದು. ಯಾರೂ ಹಾಗೆ ನಡೆಯುವುದಿಲ್ಲ ಬಿಡಿ, ಸೆಲ್ಫಿ ತೆಗೆಯುವವರನ್ನು ದಾಟಿ ಹೋಗುವಷ್ಟರಲ್ಲೇ ಕಾಲು ಗಂಟೆ ಆಗುತ್ತದೆ.

ಆದರೆ ಈ ದಾರಿಗಿಂತ ದಾರಿಯ ಅಡಿಯಲ್ಲಿ ಇರುವುದು ಹಳೆಯದು. ಅದರ ಹೆಸರು ಬ್ರೇಕ್‌ವಾಟರ್. ಅಂದರೆ ಅಲೆಯ ಹೊಡೆತ ತಡೆಯಲಿಕ್ಕೆ ದಡದಿಂದ ಕಡಲಿನೊಳಕ್ಕೆ ಕಲ್ಲು ಸುರಿದು ಮಾಡಿದ ಉದ್ದನೆಯ ದಿಬ್ಬ. ಅದರ ಕೆಲಸ ಹಿಂದೆ ಇರುವ ಮೀನುಗಾರಿಕಾ ಬಂದರನ್ನು ಕಾಯುವುದು. ನಾವು ನಡೆಯುವುದು ಅದರ ನೆತ್ತಿಯ ಮೇಲೆ. ಮನೆ ಕಟ್ಟುವುದು ವಾಸಕ್ಕೆ, ಹಾಗಂತ ಬೇಸಿಗೆಯಲ್ಲಿ ತಾರಸಿ ಮೇಲೆ ಹಲಸಿನ ಹಪ್ಪಳ ಒಣಗಿಸುವುದಿಲ್ವಾ? ಸೀ ವಾಕ್ ಆ ಹಪ್ಪಳದ ಹಾಗೆ. ಕಟ್ಟಿದ್ದು ಬೇರೆ ಉದ್ದೇಶಕ್ಕೆ, ಮೇಲೆ ಜಾಗ ಇತ್ತು, ದಾರಿ ಹಾಸಿ, ದೀಪ ಹಾಕಿ, ಕೂರಲು ಬೆಂಚು ಇಟ್ಟರು.

ಅಕ್ಕನ ಮಗಳ ಪ್ರಶ್ನೆಗೆ ಉತ್ತರವೂ ಇದೇ. ಆ ಕಡೆ ದಡ ಇಲ್ಲ, ಯಾಕೆಂದರೆ ಇದು ಯಾವುದನ್ನೂ ದಾಟಲಿಕ್ಕೆ ಕಟ್ಟಿದ್ದಲ್ಲ.

## ಬಲಕ್ಕೊಂದು ಕಡಲು, ಎಡಕ್ಕೊಂದು ಕಡಲು

ಪಡುವಣಕ್ಕೆ ಮುಖ ಮಾಡಿ ದಾರಿಯ ನಡುವೆ ನಿಲ್ಲಿ. ಬಲಗಡೆ ಮಲ್ಪೆ ಬೀಚು. ತೆರೆ ಮೇಲಿಂದ ಮೇಲೆ ಬಂದು ಮುರಿಯುತ್ತದೆ, ನೊರೆ, ಸದ್ದು, ಮಕ್ಕಳ ಕಿರುಚಾಟ. ಎಡಗಡೆಗೆ ತಿರುಗಿದರೆ ನೀರು ಬಹುಮಟ್ಟಿಗೆ ಸುಮ್ಮನಿದೆ, ಬಣ್ಣವೂ ಸ್ವಲ್ಪ ಬೇರೆ, ಆಗಾಗ ಡಗಡಗ ಅಂತ ಒಂದು ಬೋಟು ಹಾದುಹೋಗುತ್ತದೆ. ನಡುವೆ ಇರುವುದು ನೀವು ನಿಂತ ಕಲ್ಲಿನ ದಿಬ್ಬ ಮಾತ್ರ.

ಎಡಗಡೆ ಇರುವುದು ಬರೀ ಕಡಲಲ್ಲ. ಅದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ. ಇಲ್ಲಿ ಸೇರುವುದು ಉದ್ಯಾವರ ಹೊಳೆ. ಈ ಹೊಳೆಗೆ ಒಂದು ವಿಚಿತ್ರ ಸ್ವಭಾವ ಉಂಟು. ಉದ್ಯಾವರ ದಾಟಿ ಕಡಲ ಹತ್ತಿರ ಬಂದ ಮೇಲೂ ನೆಟ್ಟಗೆ ಹೋಗಿ ಸೇರಿಬಿಡುವುದಿಲ್ಲ. ಬಡಗಿಗೆ ತಿರುಗಿ ಕಡಲಿನ ಪಕ್ಕ ಪಕ್ಕದಲ್ಲೇ ಕಿಲೋಮೀಟರ್‌ಗಟ್ಟಲೆ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಕಿರಿದಾದ ಮರಳ ಪಟ್ಟಿಯೇ ಪಡುಕೆರೆ. ಸೀ ವಾಕ್ ಮೇಲಿಂದ ಅಳಿವೆಯ ಆಚೆ ತೆಂಗಿನ ಮರಗಳ ಸಾಲು ಕಾಣುತ್ತದಲ್ಲ, ಅದೇ.

ಅಳಿವೆಗೆ ಬ್ರೇಕ್‌ವಾಟರ್ ಯಾಕೆ ಬೇಕು? ಹೊಳೆ ಮರಳು, ಹೂಳು ಹೊತ್ತು ತರುತ್ತದೆ. ಕಡಲು ಅದನ್ನು ಎದುರಿನಿಂದ ತಳ್ಳುತ್ತದೆ. ಎರಡೂ ಎದುರಾಗುವ ಕಡೆ ನೀರಿನ ವೇಗ ಸತ್ತುಹೋಗುತ್ತದೆ, ಮರಳು ಕೆಳಗೆ ಕೂತು ದಿಬ್ಬವಾಗುತ್ತದೆ. ಮೀನು ತುಂಬಿಕೊಂಡು ಭಾರವಾಗಿ ವಾಪಸ್ ಬರುವ ಬೋಟಿನ ಅಡಿ ಆ ದಿಬ್ಬಕ್ಕೆ ತಾಗಿದರೆ ಕಥೆ ಮುಗಿಯಿತು. ಬೋಟು ಅಲುಗದೆ ನಿಲ್ಲುತ್ತದೆ, ಹಿಂದಿನಿಂದ ಬಂದ ತೆರೆ ಅದನ್ನು ಮಗುಚುತ್ತದೆ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದ ಸುದ್ದಿ ಕರಾವಳಿಯವರಿಗೆ ಹೊಸದೇನಲ್ಲ. ನಡುಕಡಲಿನಲ್ಲಿ ಉಳಿದು ಬಂದವರಿಗೂ ಮನೆ ಕಾಣುವಷ್ಟು ಹತ್ತಿರದಲ್ಲಿ ಈ ಗಂಡಾಂತರ.

ಬ್ರೇಕ್‌ವಾಟರ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಪಕ್ಕದಿಂದ ಬರುವ ತೆರೆಯನ್ನು ಮತ್ತು ಅದು ತರುವ ಮರಳನ್ನು ತಡೆಯುತ್ತದೆ. ಎರಡನೆಯದು ಸ್ವಲ್ಪ ಜಾಣತನದ್ದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ ಅಲ್ವಾ? ಹೊಳೆಯ ಬಾಯಿಯನ್ನೂ ಹಾಗೇ ಕಿರಿದು ಮಾಡಿದರೆ ನೀರು ರಭಸವಾಗಿ ಹೊರಗೆ ಹೋಗುತ್ತದೆ, ಹೋಗುವಾಗ ಹೂಳನ್ನು ತಾನೇ ಗುಡಿಸಿಕೊಂಡು ಹೋಗುತ್ತದೆ. ಪೂರ್ತಿ ಗುಡಿಸುವುದಿಲ್ಲ. ಅದಕ್ಕೇ ಆಗಾಗ ಯಂತ್ರ ಇಟ್ಟು ಹೂಳೆತ್ತುವ ಕೆಲಸ ತಪ್ಪುವುದಿಲ್ಲ.

## ಕಲ್ಲು ಯಾಕೆ ಹಾಗೆ ಚೆಲ್ಲಾಪಿಲ್ಲಿ?

"ಸಿಮೆಂಟ್ ಹಾಕಿ ನೀಟಾಗಿ ಗೋಡೆ ಕಟ್ಟಬಹುದಿತ್ತಲ್ಲ" ಅಂದಳು ಅಕ್ಕನ ಮಗಳು. ನ್ಯಾಯವಾದ ಮಾತು. ದಾರಿಯ ಎರಡೂ ಪಕ್ಕ ಕಲ್ಲುಗಳು ಲಾರಿಯಿಂದ ಸುರಿದ ಹಾಗೇ ಬಿದ್ದಿವೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೈ ತೂರುವಷ್ಟು ಸಂದು.

ಆ ಸಂದೇ ಇಲ್ಲಿ ಮುಖ್ಯ. ಒಂದು ಚೆಂಡನ್ನು ಕಂಪೌಂಡ್ ಗೋಡೆಗೆ ಹೊಡೆಯಿರಿ, ಅಷ್ಟೇ ಜೋರಾಗಿ ವಾಪಸ್ ಬರುತ್ತದೆ. ಬೈಹುಲ್ಲಿನ ರಾಶಿಗೆ ಹೊಡೆಯಿರಿ, ಅಲ್ಲೇ ಹೂತುಹೋಗುತ್ತದೆ. ನುಣ್ಣನೆಯ ಗೋಡೆಗೆ ಬಡಿದ ತೆರೆ ಹಾಗೇ ತಿರುಗಿ ಬರುತ್ತದೆ, ಹಿಂದೆ ಬರುವ ತೆರೆಗೆ ಸೇರಿ ಇನ್ನೂ ಎತ್ತರ ಏಳುತ್ತದೆ, ಗೋಡೆಯ ಬುಡದ ಮರಳನ್ನು ಕೆದಕಿ ತೆಗೆಯುತ್ತದೆ. ಕಲ್ಲಿನ ರಾಶಿಗೆ ಬಂದ ತೆರೆಗೆ ಹಾಗಾಗುವುದಿಲ್ಲ. ಸಂದುಗಳಲ್ಲಿ ನುಗ್ಗಿ, ಸಾವಿರ ಕವಲಾಗಿ ಒಡೆದು, ಸುಸ್ತಾಗಿ, ಜುಳುಜುಳು ಅಂತ ಕೆಳಗಿಳಿಯುತ್ತದೆ. ದಾರಿಯ ಅಂಚಿನಲ್ಲಿ ನಿಂತು ಸ್ವಲ್ಪ ಕಿವಿಗೊಡಿ. ಮೊದಲು ದೊಪ್ಪನೆ ಒಂದು ಸದ್ದು, ಆಮೇಲೆ ಕಲ್ಲಿನ ಹೊಟ್ಟೆಯೊಳಗಿಂದ ಗುಳುಂ ಗುಳುಂ, ಕೊನೆಗೆ ಬಾಟಲಿಯಿಂದ ಎಣ್ಣೆ ಬಗ್ಗಿಸಿದ ಹಾಗೆ ಸಣ್ಣ ಸದ್ದು. ಆ ಗುಳುಂ ಅನ್ನುವುದು ಸಂದಿನಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ನೀರು ಹೊರಗೆ ತಳ್ಳುವ ಸದ್ದು.

ಚೆಲ್ಲಾಪಿಲ್ಲಿ ಕಂಡರೂ ಇದರೊಳಗೆ ಒಂದು ಕ್ರಮ ಇರುತ್ತದೆ. ಇಂಥ ದಿಬ್ಬದ ಹೊಟ್ಟೆಯಲ್ಲಿ ಸಣ್ಣ ಕಲ್ಲು, ಅದರ ಮೇಲೆ ಮಧ್ಯಮ ಗಾತ್ರದ್ದು, ಹೊರಗೆ ಕವಚದ ಹಾಗೆ ಭಾರೀ ಬಂಡೆ. ಬರೀ ಸಣ್ಣ ಕಲ್ಲು ಹಾಕಿದರೆ ತೆರೆ ಹೊತ್ತುಕೊಂಡು ಹೋಗುತ್ತದೆ. ಬರೀ ದೊಡ್ಡದು ಹಾಕಿದರೆ ಅಡಿಯ ಮರಳು ಸಂದಿನಿಂದ ಸೋರಿ ಹೋಗಿ ಇಡೀ ರಾಶಿ ಕುಸಿಯುತ್ತದೆ. ದೊಡ್ಡ ಕಣ್ಣಿನ ಜರಡಿಯಲ್ಲಿ ರವೆ ನಿಲ್ಲುತ್ತದೆಯೇ? ಅದಕ್ಕೇ ಒಂದರೊಳಗೊಂದು ಪದರ.

ಹೊರಗಿನ ಬಂಡೆ ಎಷ್ಟು ತೂಕ ಇರಬೇಕು ಅನ್ನುವುದಕ್ಕೆ ಎಂಜಿನಿಯರ್‌ಗಳ ಹತ್ತಿರ ಒಂದು ಸೂತ್ರ ಇದೆ. ಅದರ ಒಂದು ಅಂಶ ನನಗೆ ಯಾವಾಗಲೂ ಆಶ್ಚರ್ಯ ಹುಟ್ಟಿಸುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ಕಲ್ಲಿನ ತೂಕ ಎರಡು ಪಟ್ಟು ಸಾಲದು, ಎಂಟು ಪಟ್ಟು ಬೇಕು. ಒಂದು ಮೀಟರ್ ಅಲೆಗೆ 200 ಕಿಲೋ ಕಲ್ಲು ಸಾಕಾದ ಕಡೆ ಎರಡು ಮೀಟರ್ ಅಲೆಗೆ 1,600 ಕಿಲೋ ಬೇಕು ಅಂದುಕೊಳ್ಳಿ. ಒಂದು ಮಿತಿ ದಾಟಿದ ಮೇಲೆ ಅಷ್ಟು ದೊಡ್ಡ ಕಲ್ಲು ಕೋರೆಯಲ್ಲಿ ಸಿಗುವುದೇ ಕಷ್ಟ, ಸಿಕ್ಕರೂ ಸಾಗಿಸುವುದು ಇನ್ನೂ ಕಷ್ಟ. ಅಂಥ ಕಡೆ ಕಾಂಕ್ರೀಟಿನಲ್ಲಿ ನಾಲ್ಕು ಕಾಲಿನ ಟೆಟ್ರಾಪಾಡ್ ಎರಕ ಹೊಯ್ದು ಹಾಕುತ್ತಾರೆ. ಮುಂಬೈ ಮರೀನ್ ಡ್ರೈವ್‌ನಲ್ಲಿ ಕಾಣುತ್ತವಲ್ಲ, ಅವೇ. 1950ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಆಕಾರ ಅದು. ನಾಲ್ಕು ಕಾಲು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಹೇಗೆ ಬಿದ್ದರೂ ಮೂರು ಕಾಲಿನ ಮೇಲೆ ನಿಲ್ಲುತ್ತವೆ.

ಇನ್ನೊಂದು ಪ್ರಶ್ನೆ ನಮ್ಮೂರಿನವರೇ ಕೇಳುವುದುಂಟು. ನಮ್ಮ ಮನೆಗಳೆಲ್ಲ ಮುರಕಲ್ಲಿನವು, ಅದೇ ಕೆಂಪುಕಲ್ಲು ಹಾಕಬಹುದಿತ್ತಲ್ಲ, ಹತ್ತಿರದಲ್ಲೇ ಸಿಗುತ್ತದೆ? ಆಗುವುದಿಲ್ಲ. ಬಾವಿಯಿಂದ ನೀರು ಸೇದುವಾಗ ಕೊಡಪಾನ ನೀರಿನೊಳಗೆ ಇರುವವರೆಗೆ ಹಗುರ, ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ. ಕಲ್ಲಿಗೂ ಹಾಗೇ. ಗಟ್ಟಿ ಕಪ್ಪು ಕಲ್ಲು ಕೂಡ ಸಮುದ್ರದ ನೀರಿನಲ್ಲಿ ಮುಳುಗಿದಾಗ ತನ್ನ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ. ಮುರಕಲ್ಲು ಮೊದಲೇ ಹಗುರ, ಮೈತುಂಬ ತೂತು, ಮೆತ್ತಗೆ ಬೇರೆ. ತೆರೆಯ ಹೊಡೆತಕ್ಕೆ ಮೂಲೆ ಸವೆದು ಉರುಳಾಡತೊಡಗುತ್ತದೆ.

## ಅಲೆ ಎಲ್ಲಿಂದ ಬರುತ್ತದೆ?

ಗಾಳಿಯಿಂದ. ಅದೂ ನಿಮ್ಮ ಮುಖಕ್ಕೆ ಹೊಡೆಯುವ ಈ ಗಾಳಿಯಿಂದಲೇ ಅಂತಿಲ್ಲ. ಅಲೆ ಎಷ್ಟು ದೊಡ್ಡದಾಗಬೇಕು ಅನ್ನುವುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ: ಗಾಳಿಯ ವೇಗ, ಅದು ಎಷ್ಟು ಹೊತ್ತು ಬೀಸಿತು, ಅದಕ್ಕೆ ಓಡಾಡಲು ಎಷ್ಟು ಉದ್ದದ ಬಯಲು ಸಿಕ್ಕಿತು. ಮಲ್ಪೆಯಿಂದ ನೇರ ಪಡುವಣಕ್ಕೆ ಹೋದರೆ ಯೆಮನ್ ಕಡೆಯ ಕರಾವಳಿ ಸಿಗುವವರೆಗೆ 2,500 ಕಿಲೋಮೀಟರ್‌ಗೂ ಜಾಸ್ತಿ ಬರೀ ನೀರು. ಗಾಳಿಗೆ ಇದಕ್ಕಿಂತ ಬಯಲು ಬೇಕೇ?

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ಅಲೆ ಬರುತ್ತದೆ ಅಂದರೆ ಆ ನೀರೇ ದೂರದಿಂದ ಬರುತ್ತದೆ ಅಂತ ಅಲ್ಲ. ತೆನೆ ಬಂದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಈ ಬದುವಿನಿಂದ ಆ ಬದುವಿಗೆ ಒಂದು ಅಲೆ ಓಡಿಹೋಗುತ್ತದೆ, ಪೈರು ಮಾತ್ರ ನಿಂತಲ್ಲೇ ತಲೆದೂಗುತ್ತದೆ. ಆಳ ಕಡಲಿನಲ್ಲೂ ನೀರು ಹೆಚ್ಚುಕಡಿಮೆ ಇದ್ದಲ್ಲೇ ಸುತ್ತು ಹಾಕುತ್ತದೆ, ಓಡುವುದು ಶಕ್ತಿ. ಸೀ ವಾಕ್ ಮೇಲಿಂದ ಒಂದು ತೇಲುವ ತೆಂಗಿನ ಸಿಪ್ಪೆ ಕಂಡರೆ ನೋಡಿ. ತೆರೆ ಅದರ ಅಡಿಯಿಂದ ಹಾದುಹೋಗುತ್ತದೆ, ಸಿಪ್ಪೆ ಏರಿ ಇಳಿದು ಅಲ್ಲೇ ಹತ್ತಿರ ಇರುತ್ತದೆ.

ದಡ ಹತ್ತಿರ ಬಂದ ಹಾಗೆ ಕಥೆ ಬದಲಾಗುತ್ತದೆ. ಅಲೆಯ ಬುಡ ನೆಲಕ್ಕೆ ತಾಗುತ್ತದೆ, ನಿಧಾನವಾಗುತ್ತದೆ. ತಲೆ ಮಾತ್ರ ಅದೇ ಜೋರಿನಲ್ಲಿರುತ್ತದೆ. ಓಡುವವನ ಕಾಲು ಬೇರಿಗೆ ಎಡವಿದ ಹಾಗೆ ಮುಗ್ಗರಿಸಿ ಬೀಳುತ್ತದೆ. ಅದೇ ನೊರೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಈ ಲೆಕ್ಕ ಗೊತ್ತಿದ್ದರೆ ನೀರಿನ ಅಡಿಯಲ್ಲಿ ಏನಿದೆ ಅಂತ ಮೇಲಿಂದಲೇ ಊಹಿಸಬಹುದು. ದಡದಿಂದ ದೂರದಲ್ಲಿ ಒಂದು ಕಡೆ ಮಾತ್ರ ನೊರೆ ಏಳುತ್ತಿದ್ದರೆ ಅಲ್ಲಿ ಮರಳ ದಿಬ್ಬ ಇದೆ ಅಂತ ಅರ್ಥ. ದೋಣಿಯವರು ಅಳಿವೆಯ ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ ನೋಡುವುದು ಇದನ್ನೇ.

ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ನೆತ್ತಿ ಬರಲು ಎಷ್ಟು ಸೆಕೆಂಡು ಅಂತ ಎಣಿಸಿ. ನಾಲ್ಕೈದು ಸೆಕೆಂಡಾದರೆ ಹತ್ತಿರದ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆ. ಹತ್ತು ದಾಟಿದರೆ ಅದು ದೂರದ ಪ್ರಯಾಣಿಕ. ಹತ್ತು ಸೆಕೆಂಡಿನ ಅಲೆಯ ನೆತ್ತಿ ಆಳ ಕಡಲಿನಲ್ಲಿ ಗಂಟೆಗೆ 55 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಓಡುತ್ತದೆ, ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಅಂತ ಹೇಳಹೊರಟಿದ್ದೆ, ಬಸ್ಸು ಅದಕ್ಕಿಂತ ಜೋರು ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಕೆಲವು ಸಲ ದಕ್ಷಿಣ ಧ್ರುವದ ಕಡೆಯ ಸಮುದ್ರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಎಷ್ಟೋ ದಿನ ಪ್ರಯಾಣ ಮಾಡಿ ನಮ್ಮ ಕರಾವಳಿಗೆ ಬಂದು ಅಪ್ಪಳಿಸುತ್ತವೆ. ಇಲ್ಲಿ ಎಲೆ ಅಲುಗದಿದ್ದರೂ ಕಡಲು ದಡಕ್ಕೆ ನುಗ್ಗುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಅನ್ನುವ ಕೇಂದ್ರ ಸರಕಾರದ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಆಕಾಶ ಶುಭ್ರ ಇದ್ದ ದಿನವೂ "ಕಡಲಿಗೆ ಇಳಿಯಬೇಡಿ" ಅಂತ ಫೋನಿಗೆ ಮೆಸೇಜ್ ಬಂದರೆ ನಗಬೇಡಿ. ಕಾರಣ ಇದೇ ಇರಬಹುದು.

ಬಲಗಡೆಯ ಬೀಚಿನಲ್ಲಿ ನೀರಿಗೆ ಇಳಿಯುವವರಿಗೆ ಒಂದು ಮಾತು. ಬ್ರೇಕ್‌ವಾಟರ್‌ಗೆ ತಾಗಿದ ಹಾಗೆ ಇರುವ ನೀರು ಶಾಂತ ಕಂಡರೂ ಅಲ್ಲಿ ಇಳಿಯಬಾರದು. ತೆರೆ ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕಲ್ಲ, ಅದಕ್ಕೆ ಕಲ್ಲಿನ ಪಕ್ಕ ಸುಲಭದ ಓಣಿ ಸಿಗುತ್ತದೆ. ಆ ಓಣಿಯ ಸೆಳೆತ ಮನುಷ್ಯನನ್ನು ಒಳಕ್ಕೆ ಎಳೆಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ಕಲ್ಲಿನಿಂದ ದೂರಕ್ಕೆ, ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಗೆ ಬರಬೇಕು, ಆಮೇಲೆ ದಡ.

## ಏರು, ಇಳಿತ

ಕಲ್ಲಿನ ಮೇಲೆ ಒಬ್ಬರು ಗಾಳ ಹಾಕಿ ಕೂತಿದ್ದರು. ಪಕ್ಕದಲ್ಲಿ ಒಂದು ಹಳೆಯ ಪೇಂಟ್ ಡಬ್ಬ, ಒಳಗೆ ಮೂರು ಸಣ್ಣ ಮೀನು. "ಏನು ಸಿಕ್ತಾ?" ಅಂದೆ. "ಈಗ ನೀರು ಏರ್ತಾ ಉಂಟು ಮಾರಾಯ್ರೆ, ಇನ್ನು ನೋಡ್ಬೇಕು" ಅಂದರು. ಅಕ್ಕನ ಮಗಳಿಗೆ ನೀರು ಏರುವುದು ಕಾಣಲಿಲ್ಲ. ಅವರು ಕಲ್ಲಿನ ಬಣ್ಣ ತೋರಿಸಿದರು. ಕೆಳಗೆ ಪಾಚಿ ಹಿಡಿದ ಹಸಿರು ಪಟ್ಟಿ, ಚೂಪು ಚಿಪ್ಪುಗಳು ಅಂಟಿಕೊಂಡ ಬಿಳಿ ಪಟ್ಟಿ, ಅದರ ಮೇಲೆ ಒಣ ಕಲ್ಲು. ಕಡಲು ದಿನಾ ಎಲ್ಲಿವರೆಗೆ ಹತ್ತಿ ಇಳಿಯುತ್ತದೆ ಅನ್ನುವುದಕ್ಕೆ ಅದೇ ಗುರುತು. ಹಸಿರು ಪಟ್ಟಿಯ ಮೇಲೆ ಕಾಲಿಟ್ಟರೆ ಜಾರುವುದು ಗ್ಯಾರಂಟಿ, ಬಿದ್ದರೆ ಚಿಪ್ಪು ಚರ್ಮ ಸೀಳುತ್ತದೆ. ಫೋಟೋಗೆ ಅಂತ ಕಲ್ಲಿಗೆ ಇಳಿಯುವವರು ಮೊದಲು ಈ ಬಣ್ಣ ನೋಡಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ. ಎರಡು ಏರುಗಳೂ ಒಂದೇ ಎತ್ತರ ಇರುವುದಿಲ್ಲ. ಒಂದು ಏರಿನಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಸಂಜೆ 5ಕ್ಕೆ ಏರು ಬಂದಿದ್ದರೆ ನಾಳೆ 5.50ರ ಆಸುಪಾಸು. ಕಾರಣ ಚಂದ್ರ. ಅವನ ಸೆಳೆತಕ್ಕೆ ಕಡಲಿನ ನೀರು ಉಬ್ಬುತ್ತದೆ, ಅವನು ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ಏರೂ ಅಷ್ಟೇ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯನ ಸೆಳೆತವೂ ಜೊತೆಗೂಡಿ ಏರು ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಏರಿಗೂ ಇಳಿತಕ್ಕೂ ಹತ್ತು ಮೀಟರ್ ಆಸುಪಾಸು ವ್ಯತ್ಯಾಸ ಆಗುವುದುಂಟು. ನಮ್ಮಲ್ಲಿ ಹುಣ್ಣಿಮೆಗೂ ಒಂದೂವರೆ ಮೀಟರ್ ಆಸುಪಾಸು. ಕಡಿಮೆ ಅನಿಸಬಹುದು. ಮಳೆಗಾಲದ ದೊಡ್ಡ ತೆರೆ, ಹುಣ್ಣಿಮೆಯ ಏರು, ಎರಡೂ ಒಂದೇ ಸಂಜೆ ಬಿದ್ದಾಗ ಆ ಒಂದೂವರೆ ಮೀಟರ್ ಎಷ್ಟು ದೊಡ್ಡದು ಅಂತ ಕಡಲ ಬದಿಯ ಮನೆಯವರಿಗೆ ಗೊತ್ತು.

## ಮಳೆಗಾಲದಲ್ಲಿ ಯಾಕೆ ಬಿಡುವುದಿಲ್ಲ?

ಜೂನ್ ಬಂತೆಂದರೆ ಮಲ್ಪೆ ಬೀಚಿಗೆ ಉದ್ದಕ್ಕೂ ಬಲೆಯ ಬೇಲಿ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೂ ರಜೆ. ಅದು ಮೀನು ಮರಿ ಹಾಕುವ ಕಾಲ ಅನ್ನುವ ಕಾರಣಕ್ಕೆ, ಜೊತೆಗೆ ಕಡಲೂ ಆಗ ಯಾರ ಮಾತೂ ಕೇಳುವುದಿಲ್ಲ. ನೈರುತ್ಯ ಮಾರುತ ವಾರಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ. ಮೇಲೆ ಹೇಳಿದ ಮೂರೂ ಸಂಗತಿ, ವೇಗ, ಹೊತ್ತು, ಬಯಲು, ಒಟ್ಟಿಗೆ ಸೇರುತ್ತವೆ.

ಆಗ ತೆರೆ ಕಲ್ಲಿನ ಸಂದಿನಲ್ಲಿ ಮುಗಿಯುವುದಿಲ್ಲ, ದಾರಿಯ ಮೇಲೆಯೇ ಹಾರಿ ಬೀಳುತ್ತದೆ. ಮೊಣಕಾಲೆತ್ತರದ ನೀರು ರಭಸದಲ್ಲಿ ಬಂದರೆ ದೊಡ್ಡವರೂ ನಿಲ್ಲಲಾರರು. ಇನ್ನೊಂದು ಮೋಸ ಅಂದರೆ ತೆರೆಗಳೆಲ್ಲ ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತು ನಿಮಿಷ ಸುಮ್ಮನಿದ್ದು, ಎರಡು ಮೂರು ದೊಡ್ಡವು ಸಾಲಾಗಿ ಬರುತ್ತವೆ. "ಇಷ್ಟೊತ್ತು ಏನೂ ಆಗಲಿಲ್ವಲ್ಲ" ಅನ್ನುವ ಧೈರ್ಯ ಅಲ್ಲೇ ಕೈಕೊಡುವುದು.

ತೆರೆಯ ಬಲ ಎಷ್ಟು ಅನ್ನುವುದಕ್ಕೆ ಮಲ್ಪೆಯಲ್ಲೇ ಒಂದು ಉದಾಹರಣೆ ಇದೆ. 2022ರ ಮೇ ತಿಂಗಳಲ್ಲಿ ಇದೇ ಬೀಚಿನಲ್ಲಿ ತೇಲುವ ಸೇತುವೆ ಹಾಕಿದ್ದರು. ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕೊಂಡಿ ಹಾಕಿ ಜೋಡಿಸಿದ್ದು, ಅಲೆ ಏರಿದಾಗ ಏರುವುದು, ಇಳಿದಾಗ ಇಳಿಯುವುದು. ಕೆಲವೇ ದಿನಕ್ಕೆ ಚಂಡಮಾರುತದಿಂದ ಕಡಲು ಒರಟಾಯಿತು, ಭಾಗಗಳು ಕಳಚಿ ಬಿದ್ದವು. ತೇಲುವ ವಸ್ತು ಅಲೆಯ ಜೊತೆ ಕುಣಿಯುತ್ತದೆ, ಆದರೆ ಕುಣಿದಷ್ಟೂ ಕೊಂಡಿ ಸವೆಯುತ್ತದೆ. ಕಲ್ಲಿನ ದಿಬ್ಬ ಕುಣಿಯುವುದಿಲ್ಲ, ತೂಕದಿಂದ ಕೂತಿರುತ್ತದೆ. ಎರಡು ಬೇರೆ ಬೇರೆ ಲೆಕ್ಕ.

## ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಕಳೆಯುತ್ತದೆ

ಬ್ರೇಕ್‌ವಾಟರ್‌ನಿಂದ ಉಪಯೋಗ ಮಾತ್ರ ಅಂತಲ್ಲ. ಅಲೆಗಳು ಸಾಮಾನ್ಯವಾಗಿ ದಡಕ್ಕೆ ಓರೆಯಾಗಿ ಬರುತ್ತವೆ, ಬರುವಾಗ ಮರಳನ್ನು ದಡದುದ್ದಕ್ಕೂ ಸ್ವಲ್ಪ ಸ್ವಲ್ಪ ಸರಿಸುತ್ತಾ ಇರುತ್ತವೆ. ಮಳೆಗಾಲದಲ್ಲಿ ಒಂದು ದಿಕ್ಕು, ಉಳಿದ ಕಾಲದಲ್ಲಿ ಇನ್ನೊಂದು. ಈ ಮರಳಿನ ನಡಿಗೆಗೆ ಅಡ್ಡ ಕಲ್ಲು ಹಾಕಿದರೆ ಒಂದು ಪಕ್ಕ ಮರಳು ರಾಶಿ ಬೀಳುತ್ತದೆ, ಇನ್ನೊಂದು ಪಕ್ಕಕ್ಕೆ ಪಾಲು ಸಿಗದೆ ದಡ ಕರಗುತ್ತದೆ. ಅದಕ್ಕೇ ನಾವು ಕಡಲ್ಕೊರೆತ ಅನ್ನುವುದು. ಮಂಗಳೂರಿನ ಉಳ್ಳಾಲದ ಕಡೆ ಇದು ಎಷ್ಟು ಜೋರು ಅಂದರೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತೆಗೆದುಕೊಂಡು, ದಡದಿಂದ ದೂರ ನೀರಿನೊಳಗೇ ಅಡ್ಡ ದಿಬ್ಬ ಹಾಕಿ ಅಲೆಯ ಜೋರನ್ನು ಅಲ್ಲೇ ಮುರಿಯುವ ಕೆಲಸ ಮಾಡಿದ್ದಾರೆ. ಕಡಲ್ಕೊರೆತಕ್ಕೆ ಬ್ರೇಕ್‌ವಾಟರ್ ಒಂದೇ ಕಾರಣ ಅನ್ನಲಾಗದು, ಹೊಳೆಗಳಿಂದ ಬರುವ ಮರಳು ಕಡಿಮೆಯಾದರೂ ದಡ ಬಡವಾಗುತ್ತದೆ.

## ಉಪ್ಪು ಗಾಳಿ

ಸಂಜೆ ಸೀ ವಾಕ್ ಮೇಲೆ ತಂಪು ಗಾಳಿ ಕಡಲಿನಿಂದ ಬೀಸುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ಮೇಲಿನ ಗಾಳಿ ಬಿಸಿಯಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ಉಲ್ಟಾ. ಎಂಜಿನ್ ಬರುವ ಮುಂಚೆ ಹಾಯಿದೋಣಿಯವರು ಬೆಳಗಿನ ಜಾವದ ನೆಲಗಾಳಿಗೆ ಹೊರಟು, ಮಧ್ಯಾಹ್ನದ ಕಡಲಗಾಳಿಗೆ ವಾಪಸ್ ಬರುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ಈ ಗಾಳಿಯಲ್ಲಿ ಕಣ್ಣಿಗೆ ಕಾಣದ ಉಪ್ಪಿನ ಹನಿ ಇರುತ್ತದೆ. ಮಲ್ಪೆಯ ಮನೆಯ ಕಿಟಕಿ ಸರಳನ್ನೂ ಮಣಿಪಾಲದ್ದನ್ನೂ ಹೋಲಿಸಿ ನೋಡಿ, ಬೇರೆ ಸಾಕ್ಷಿ ಬೇಡ. ಉಪ್ಪು ಗಾಳಿಯ ತೇವ ಹೀರಿ ಕಬ್ಬಿಣವನ್ನು ಸದಾ ಒದ್ದೆ ಇಡುತ್ತದೆ. ಕಾಂಕ್ರೀಟಿನೊಳಗೂ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಕಡಲ ಬದಿಯ ರೇಲಿಂಗ್, ದೀಪದ ಕಂಬಗಳಿಗೆ ವರ್ಷ ವರ್ಷ ದುರಸ್ತಿ ಬೇಕಾಗುವುದು ಇದಕ್ಕೆ. ಕೈಯೂರಿ ಒರಗುವ ಮುಂಚೆ ಬುಡ ಗಟ್ಟಿ ಉಂಟಾ ಅಂತ ಒಮ್ಮೆ ನೋಡುವುದು ನನ್ನ ಅಭ್ಯಾಸ.

## ತುದಿಯಲ್ಲಿ ನಿಂತರೆ ಎಷ್ಟು ದೂರ ಕಾಣುತ್ತದೆ?

ಕಡಲಿಗೂ ಆಕಾಶಕ್ಕೂ ನಡುವೆ ಒಂದು ಗೆರೆ ಕಾಣುತ್ತದಲ್ಲ, ಅದು ಎಷ್ಟು ದೂರ ಇರಬಹುದು? ನಮ್ಮ ಜೊತೆ ಬಂದವರಲ್ಲಿ ಒಬ್ಬರು 100 ಕಿಲೋಮೀಟರ್ ಅಂದರು, ಭಾವ 50 ಅಂದರು. ನಿಜ ಹೇಳಿದರೆ ನಂಬುವುದಿಲ್ಲ. ನಿಮ್ಮ ಕಣ್ಣು ನೀರಿನಿಂದ ಐದು ಮೀಟರ್ ಎತ್ತರದಲ್ಲಿದ್ದರೆ ಬರೀ 8 ಕಿಲೋಮೀಟರ್. ಬೀಚಿನಲ್ಲಿ ನೀರಂಚಿಗೆ ನಿಂತರೆ 5 ಕಿಲೋಮೀಟರ್ ಕೂಡ ಇಲ್ಲ. ಭೂಮಿ ಗುಂಡಗಿದೆ, ಅದರಾಚೆ ಕಡಲು ಕೆಳಕ್ಕೆ ಬಾಗಿ ಮರೆಯಾಗುತ್ತದೆ. ಎತ್ತರ ಹೋದಷ್ಟೂ ಗೆರೆ ದೂರ ಸರಿಯುತ್ತದೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರಿಸಿದ್ದು ಅದಕ್ಕೇ, ಅಲ್ಲಿಂದ ನೋಡಿದರೆ ಗೆರೆ 20 ಕಿಲೋಮೀಟರ್ ಆಚೆಗೆ ಹೋಗುತ್ತದೆ. ದೂರದಿಂದ ವಾಪಸ್ ಬರುವ ಬೋಟಿನ ಮೇಲ್ಭಾಗ ಮೊದಲು ಕಂಡು, ಆಮೇಲೆ ಒಡಲು ಕಾಣುವುದೂ ಇದೇ ಕಾರಣಕ್ಕೆ.

ಈ ಗೆರೆಯ ಈಚೆಗೆ ಕೆಲವು ದ್ವೀಪಗಳು ಕಾಣುತ್ತವೆ. ಹತ್ತಿರದಲ್ಲಿ ಇರುವುದರಲ್ಲಿ ದರಿಯಾ ಬಹದ್ದೂರ್‌ಗಡ, ಬಿದನೂರಿನ ನಾಯಕರ ಕಾಲದ ಕೋಟೆಯ ಜಾಗ. ತುಸು ಬಡಗಿಗೆ, ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರೀಸ್. ಅಲ್ಲಿನ ಕಲ್ಲುಗಳು ಕಂಬ ಕಂಬವಾಗಿ, ಜೇನುಗೂಡಿನ ಕೋಣೆಗಳನ್ನು ನಿಲ್ಲಿಸಿದ ಹಾಗೆ ಇವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಲಾವಾ ಆರುವಾಗಲೂ ಕುಗ್ಗಿ ಹಾಗೇ ಬಿರಿಯುತ್ತದೆ, ಬಿರುಕು ಕೆಳಗಿಳಿಯುತ್ತಾ ಹೋಗಿ ಕಂಬವಾಗುತ್ತದೆ. ಆ ಲಾವಾ ಹರಿದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಈ ಕರಾವಳಿಗೆ ಅಂಟಿಕೊಂಡಿದ್ದು ಬಿಟ್ಟು ಹೊರಟ ಹೊತ್ತಿನಲ್ಲಿ. ಅಂದರೆ ಸೀ ವಾಕ್ ತುದಿಯಲ್ಲಿ ನೀವು ನೋಡುತ್ತಿರುವ ನೀರಿನ ಜಾಗದಲ್ಲಿ ಆಗ ಪಕ್ಕದ ಮನೆ ಇತ್ತು.

## ಕತ್ತಲಾದ ಮೇಲೆ

ಸೂರ್ಯ ಮುಳುಗಿದ ಕೂಡಲೇ ಜನ ಚುರುಮುರಿ ಗಾಡಿಯ ಕಡೆ ಹೊರಡುತ್ತಾರೆ. ಇನ್ನೊಂದು ಅರ್ಧ ಗಂಟೆ ಕೂರಿ ಅನ್ನುತ್ತೇನೆ ನಾನು. ಬೋಟುಗಳು ವಾಪಸ್ ಬರುವುದನ್ನು ನೋಡಬಹುದು. ಇವುಗಳ ದೀಪಕ್ಕೆ ಪ್ರಪಂಚದ ಎಲ್ಲ ಕಡಲಿಗೂ ಒಂದೇ ನಿಯಮ. ಬೋಟಿನ ಎಡ ಮೈಗೆ ಕೆಂಪು, ಬಲ ಮೈಗೆ ಹಸಿರು. ಬೋಟಿನಲ್ಲಿ ಕೂತವನ ಎಡ-ಬಲ, ನೋಡುವವರದ್ದಲ್ಲ. ಪ್ರತಿ ದೀಪವೂ ತನ್ನ ಪಕ್ಕಕ್ಕೆ ಮತ್ತು ಎದುರಿಗೆ ಮಾತ್ರ ಕಾಣುವ ಹಾಗೆ ಮರೆ ಇರುತ್ತದೆ. ಹಾಗಾಗಿ ಕೆಂಪು ಮಾತ್ರ ಕಂಡರೆ ನೀವು ಅದರ ಎಡ ಮೈ ನೋಡುತ್ತಿದ್ದೀರಿ, ಹಸಿರು ಮಾತ್ರ ಕಂಡರೆ ಬಲ ಮೈ. ಎರಡೂ ಕಂಡರೆ ಅದು ನೆಟ್ಟಗೆ ನಿಮ್ಮತ್ತಲೇ ಬರುತ್ತಿದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ದೂರದಲ್ಲಿ ಎರಡು ಚುಕ್ಕಿ ಕಂಡವು, ಒಂದು ಕೆಂಪು, ಒಂದು ಹಸಿರು. "ನಮ್ಮ ಕಡೆಗೇ ಬರ್ತಿದೆ" ಅಂದಳು ಅಕ್ಕನ ಮಗಳು, ರೇಲಿಂಗ್ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಡಗಡಗ ಸದ್ದು ಜೋರಾಯಿತು. ಬೋಟು ಅಳಿವೆಯ ಬಾಗಿಲಿಗೆ ತಿರುಗುತ್ತಿದ್ದ ಹಾಗೆ ಹಸಿರು ಆರಿಹೋಯಿತು, ಕೆಂಪು ಒಂದೇ ಉಳಿದು ನಮ್ಮ ಎಡಕ್ಕೆ, ಸುಮ್ಮನಿದ್ದ ನೀರಿನ ಮೇಲೆ, ಬಂದರಿನ ಕಡೆ ಹೋಯಿತು. ಅದು ಎಬ್ಬಿಸಿದ ಸಣ್ಣ ತೆರೆ ಸ್ವಲ್ಪ ಹೊತ್ತಿನ ಮೇಲೆ ಬಂದು ನಮ್ಮ ಕಾಲ ಕೆಳಗಿನ ಕಲ್ಲಿನೊಳಗೆ ಗುಳುಂ ಅಂದಿತು.